ಕರಡು ಬೈಲಾಕ್ಕೆ ಆಕ್ಷೇಪಣೆ ಸಲ್ಲಿಸುವುದು ಹೇಗೆ? ಮನೆ ಕಟ್ಟುವವರಿಗೆ, ನಾಯಿ–ಹಸು ಸಾಕುವವರಿಗೆ ಒಂದು ಕೈಪಿಡಿ

ಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಪ್ರಕಟಣೆಗಳ ನಡುವೆ, ತೀರಾ ಸಣ್ಣ ಅಕ್ಷರದಲ್ಲಿ ಆಗಾಗ ಒಂದು ಸೂಚನೆ ಅಚ್ಚಾಗುತ್ತದೆ: ಕರಡು ಉಪವಿಧಿಗಳನ್ನು (ಬೈಲಾ, ಅಂದರೆ ಸ್ಥಳೀಯ ಸಂಸ್ಥೆಯ ನಿಯಮಗಳನ್ನು) ಪ್ರಕಟಿಸಲಾಗಿದೆ, ಆಕ್ಷೇಪಣೆ ಅಥವಾ ಸಲಹೆಗಳಿದ್ದಲ್ಲಿ ನಿಗದಿತ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಹೆಚ್ಚಿನವರು ಪುಟ ತಿರುಗಿಸಿಬಿಡುತ್ತಾರೆ. ಅದೇ ಕರಡು ಕಾನೂನಾದ ಮೇಲೆ ಮನೆಯ ಹಿಂದಿನ ಕೊಟ್ಟಿಗೆ ತೆಗೆಯಿರಿ, ಎರಡನೇ ನಾಯಿಗೆ ಪರವಾನಗಿ ಇಲ್ಲ, ಪಕ್ಕದ ಮನೆಯವರು ಗೋಡೆಯನ್ನು ಇಷ್ಟು ಹತ್ತಿರಕ್ಕೆ ತರಬಹುದು ಎಂಬ ಮಾತು ಬಂದಾಗ ಗಾಬರಿಯಾಗುತ್ತಾರೆ. ಮಾತನಾಡಬೇಕಾದ ಕಾಲ ಆ ಸಣ್ಣ ಅಕ್ಷರದ ದಿನಗಳೇ.

‘ನಾವು ಬರೆದರೆ ಯಾರು ಕೇಳುತ್ತಾರೆ’ ಎನ್ನುವವರಿಗೆ ಎರಡು ಪ್ರಸಂಗಗಳನ್ನು ನೆನಪಿಸಬೇಕು. 2018ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಫ್ಲಾಟ್‌ಗೆ ಒಂದು ನಾಯಿ, ಪ್ರತ್ಯೇಕ ಮನೆಗೆ ಮೂರು ಎಂದು ಮಿತಿ ಹಾಕುವ ಬೈಲಾ ತಂದಾಗ ಎದ್ದ ವಿರೋಧಕ್ಕೆ ಅದು ಜಾರಿಯಾಗದೆ ನಿಂತಿತು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ 23 ತಳಿಯ ನಾಯಿಗಳನ್ನು ‘ಅಪಾಯಕಾರಿ’ ಎಂದು ಹೆಸರಿಸಿ, ಅವುಗಳಿಗೆ ಪರವಾನಗಿ ಕೊಡಬಾರದೆಂದು ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ತಿಂಗಳು ತುಂಬುವುದರೊಳಗೆ, ಏಪ್ರಿಲ್ 10ರಂದು, ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ್ದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಕೇಳಬೇಕಾದವರು ಕೇಳದಿದ್ದರೆ ನಿಯಮವೇ ಬೀಳುತ್ತದೆ. ಆದರೆ ಕೇಳಿದಾಗ ನಾವು ಹೇಳದೇ ಉಳಿದರೆ ಆ ವಾದಕ್ಕೆ ಬಲವಿಲ್ಲ.

ಮೊದಲು: ಯಾರ ಕರಡು, ಯಾವ ಕಾಯ್ದೆಯದು?

ಮಹಾನಗರ ಪಾಲಿಕೆ ಇರುವಲ್ಲಿ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ 1964ರ ಪೌರಸಭೆಗಳ ಕಾಯ್ದೆ, ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ. ಬೆಂಗಳೂರಿನವರಿಗೆ ಚಿತ್ರ ಬದಲಾಗಿದೆ: 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ 2025ರ ಸೆಪ್ಟೆಂಬರ್‌ನಿಂದ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ಪಾಲಿಕೆಗಳಾಗಿವೆ. ಹಳೆಯ ವಿಳಾಸಕ್ಕೆ ಪತ್ರ ಹಾಕಿ ಕೂರಬೇಡಿ.

ಇಲ್ಲೊಂದು ಸೂಕ್ಷ್ಮವಿದೆ. ಕಟ್ಟಡದ ಎತ್ತರ, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ತೆರವು ಜಾಗ), ನಿವೇಶನದ ಮೇಲೆ ಎಷ್ಟು ವಿಸ್ತೀರ್ಣ ಕಟ್ಟಬಹುದೆಂಬ ಅನುಪಾತ, ಇವು ಬಹುಮಟ್ಟಿಗೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಬರುವ ವಲಯ ನಿಯಮಾವಳಿಗಳಲ್ಲಿ ಇರುತ್ತವೆ. ನಕ್ಷೆ ಮಂಜೂರಾತಿ, ಕಾಮಗಾರಿ ಪರಿಶೀಲನೆ, ಕಟ್ಟಿದ ಮನೆಯಲ್ಲಿ ವಾಸಕ್ಕೆ ಅನುಮತಿ ಕೊಡುವ ಸ್ವಾಧೀನಾನುಭವ ಪತ್ರದಂತಹವು ಕಟ್ಟಡ ಬೈಲಾದಲ್ಲಿ. ಪ್ರಾಣಿಗಳ ವಿಷಯ ಮೂರನೆಯ ಕಡತ; ಅದನ್ನು ನೋಡುವುದು ಆರೋಗ್ಯ ಅಥವಾ ಪಶುಪಾಲನಾ ವಿಭಾಗ. ಸೆಟ್‌ಬ್ಯಾಕ್ ಬಗ್ಗೆ ಬರೆದ ಪತ್ರ ಪಶುವೈದ್ಯಾಧಿಕಾರಿಯ ಮೇಜಿಗೆ ಹೋದರೆ ಅಲ್ಲಿಗೇ ಅದರ ಆಯುಷ್ಯ ಮುಗಿಯಿತು. ಆದ್ದರಿಂದ ಪ್ರಕಟಣೆಯ ಕೊನೆಯ ಸಾಲುಗಳಲ್ಲಿರುವ ಅಧಿಕಾರಿಯ ಹುದ್ದೆ, ಕಚೇರಿಯ ವಿಳಾಸ ಮತ್ತು ಪ್ರಕಟಣೆಯ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಎರಡನೆಯದು: ಪೂರ್ತಿ ಕರಡು ತರಿಸಿಕೊಳ್ಳಿ

ಸುದ್ದಿ ಓದಿ, ವಾಟ್ಸ್‌ಆ್ಯಪ್ ಸಂದೇಶ ನೋಡಿ ಆಕ್ಷೇಪಣೆ ಬರೆಯಬಾರದು. ರಾಜ್ಯ ಸರ್ಕಾರದ ಕರಡಾದರೆ ಇ-ರಾಜ್ಯಪತ್ರ ಜಾಲತಾಣದಲ್ಲಿ ಸಿಗುತ್ತದೆ. ಸ್ಥಳೀಯ ಸಂಸ್ಥೆಯದಾದರೆ ಅದರ ಜಾಲತಾಣ, ಸೂಚನಾ ಫಲಕ, ಇಲ್ಲವೇ ಕಚೇರಿಯಲ್ಲೇ ಪ್ರತಿ ಕೇಳಿ. ಅವಧಿ ಎಣಿಸುವುದು ಯಾವ ದಿನದಿಂದ ಎಂಬುದನ್ನು ಪ್ರಕಟಣೆಯಲ್ಲೇ ನೋಡಿ. ರಾಜ್ಯಪತ್ರದಲ್ಲಿ ಬಂದ ದಿನದಿಂದ ಎಂದಿದ್ದರೆ, ನೀವು ಪತ್ರಿಕೆಯಲ್ಲಿ ಓದುವ ಹೊತ್ತಿಗೆ ಅರ್ಧ ಅವಧಿ ಕಳೆದಿರಬಹುದು.

ಮೂರನೆಯದು: ಎರಡೂ ಕರಡುಗಳನ್ನು ಒಟ್ಟಿಗೆ ಓದಿ

ಇಡೀ ಕೆಲಸದ ತಿರುಳು ಇಲ್ಲಿದೆ. ಮನೆ ಕಟ್ಟುವವರು ಕಟ್ಟಡದ ಕರಡನ್ನಷ್ಟೇ ಓದುತ್ತಾರೆ, ಪ್ರಾಣಿ ಸಾಕುವವರು ಸಾಕಣೆಯ ಕರಡನ್ನಷ್ಟೇ. ಆದರೆ ಎರಡೂ ಸೇರುವುದು ಒಂದೇ ಅಂಗಳದಲ್ಲಿ.

ಲೆಕ್ಕ ಹಾಕಿ ನೋಡೋಣ. ಮೂವತ್ತು–ನಲವತ್ತರ ನಿವೇಶನವನ್ನು ಸುಮಾರಾಗಿ 9 ಮೀಟರ್ ಅಗಲ, 12 ಮೀಟರ್ ಉದ್ದ ಎಂದುಕೊಳ್ಳಿ. ನಾಲ್ಕೂ ಕಡೆ 1 ಮೀಟರ್ ಬಿಟ್ಟರೆ ಕಟ್ಟಲು ಸಿಗುವುದು 7 ಗುಣಿಸು 10, ಅಂದರೆ 70 ಚದರ ಮೀಟರ್. ಕರಡು ಅದನ್ನು ಮುಕ್ಕಾಲು ಮೀಟರ್‌ಗೆ ಇಳಿಸಿದೆ ಎಂದುಕೊಂಡರೆ 78.75 ಚದರ ಮೀಟರ್. ಪ್ರತಿ ಅಂತಸ್ತಿಗೆ 8.75 ಚದರ ಮೀಟರ್, ಒಂದು ಚಿಕ್ಕ ಕೋಣೆಯಷ್ಟು ಲಾಭ. ಮನೆ ಕಟ್ಟುವವರಿಗೆ ಇದು ಸಿಹಿಸುದ್ದಿಯೇ. ಆದರೆ ಪಕ್ಕದವರೂ ಹಾಗೆಯೇ ಕಟ್ಟಿದರೆ ಎರಡು ಮನೆಗಳ ನಡುವಿನ ಅಂತರ 2 ಮೀಟರ್‌ನಿಂದ ಒಂದೂವರೆಗೆ ಇಳಿಯುತ್ತದೆ. ಆ ಓಣಿಯಲ್ಲೇ ಕಿಟಕಿಗಳು, ಒಳಚರಂಡಿ ಕೊಳವೆ, ಗಾಳಿ, ಬೆಳಕು, ಬೆಂಕಿ ಬಿದ್ದರೆ ಏಣಿ.

ಈಗ ಹಸುವಿನ ಕಡೆಯಿಂದ ನೋಡಿ. ದೊಡ್ಡ ಹಸುವೊಂದಕ್ಕೆ ಚಾವಣಿಯ ಕೆಳಗೆ ಸುಮಾರು 3.5 ಚದರ ಮೀಟರ್ ಜಾಗ ಬೇಕೆಂಬುದು ಪಶುಪಾಲನೆಯ ರೂಢಿಯ ಲೆಕ್ಕ. ಎರಡು ಹಸುಗಳಿಗೆ 7. ಹಿಂಬದಿಯ ಸೆಟ್‌ಬ್ಯಾಕ್ 1 ಮೀಟರ್ ಅಗಲ, 9 ಮೀಟರ್ ಉದ್ದ. ವಿಸ್ತೀರ್ಣದ ಲೆಕ್ಕದಲ್ಲಿ 9 ಚದರ ಮೀಟರ್ ಆಯಿತು, ಸಾಕಲ್ಲ ಎನಿಸುತ್ತದೆ. ಆದರೆ 1 ಮೀಟರ್ ಅಗಲದ ಓಣಿಯಲ್ಲಿ ಹಸು ತಿರುಗಿ ನಿಲ್ಲಲಾರದು. ಮೇಲಾಗಿ ಸೆಟ್‌ಬ್ಯಾಕ್‌ನಲ್ಲಿ ಚಾವಣಿ ಹಾಕುವಂತಿಲ್ಲ ಎಂದು ಕಟ್ಟಡದ ಕರಡು ಹೇಳಿದರೆ, ಚಾವಣಿಯ ಕೊಟ್ಟಿಗೆ ಕಡ್ಡಾಯ ಎಂದು ಸಾಕಣೆಯ ಕರಡು ಹೇಳಿದರೆ, ನಿಷೇಧ ಎಂಬ ಪದವನ್ನು ಎಲ್ಲಿಯೂ ಬರೆಯದೆಯೇ ಆ ಬಡಾವಣೆಯಲ್ಲಿ ಹಸು ನಿಷಿದ್ಧವಾಯಿತು. ನಗರದೊಳಗೆ ಹಾಲು ಮಾರಿ ಬದುಕುವ ಕುಟುಂಬಗಳಿಗೆ ಇದು ಬದುಕಿನ ಪ್ರಶ್ನೆ. ಹಾಗೆಂದು ಪಕ್ಕದ ಮನೆಯವರ ದೂರು ಸುಳ್ಳಲ್ಲ. ಒಂದು ಹಸು ದಿನಕ್ಕೆ 15ರಿಂದ 20 ಕಿಲೋ ಸಗಣಿ ಹಾಕುತ್ತದೆ. ಅದು ಮಳೆನೀರಿನ ಚರಂಡಿ ಸೇರಿದರೆ ಇಡೀ ಬೀದಿ ಅನುಭವಿಸುತ್ತದೆ. ಸಗಣಿಯನ್ನು ಚರಂಡಿಗೆ ಬಿಡಬಾರದು ಎಂದಷ್ಟೇ ಹೇಳಿ, ಎಲ್ಲಿಗೆ ಒಯ್ಯಬೇಕು, ಪಾಲಿಕೆಯ ಹಸಿ ಕಸದ ಗಾಡಿ ತೆಗೆದುಕೊಳ್ಳುತ್ತದೆಯೇ ಎಂಬುದನ್ನು ಹೇಳದ ಕರಡು ಅಪೂರ್ಣ. ಅದನ್ನೇ ಆಕ್ಷೇಪಣೆಯಲ್ಲಿ ಬರೆಯಿರಿ.

ನಾಯಿ ಸಾಕುವವರು ಮೂರು ವಿಷಯಗಳನ್ನು ಹುಡುಕಬೇಕು. ನೋಂದಣಿಗೆ ರೇಬೀಸ್ ಲಸಿಕೆಯ ದಾಖಲೆ ಕೇಳಿದ್ದಾರೆಯೇ? ಕೇಳಿದ್ದರೆ ಒಳ್ಳೆಯದು, ಅದನ್ನು ಬೆಂಬಲಿಸಿ ಬರೆಯಿರಿ. ಆಕ್ಷೇಪಣೆ ಎಂದರೆ ಎಲ್ಲವನ್ನೂ ವಿರೋಧಿಸಬೇಕೆಂದೇನೂ ಇಲ್ಲ. ಸಂಖ್ಯೆಗೆ ಮಿತಿ ಇದೆಯೇ, ಇದ್ದರೆ ಅದಕ್ಕೆ ಜಾಗದ ಆಧಾರವಿದೆಯೇ, ಬರಿಯ ಅಂಕಿಯೇ? ಈಗಾಗಲೇ ಮಿತಿಗಿಂತ ಹೆಚ್ಚು ನಾಯಿಗಳಿರುವವರ ಗತಿ ಏನು? ಈ ಕೊನೆಯದು ಅತಿಮುಖ್ಯ. ‘ಈ ಉಪವಿಧಿ ಜಾರಿಗೆ ಬರುವ ಮುನ್ನವೇ ಸಾಕುತ್ತಿರುವ ಪ್ರಾಣಿಗಳನ್ನು ಅವುಗಳ ಜೀವಿತಾವಧಿಯವರೆಗೆ ಇರಿಸಿಕೊಳ್ಳಬಹುದು’ ಎಂಬ ಒಂದು ಸಾಲು ಇಲ್ಲದಿದ್ದರೆ ಜಾರಿಯಾದ ಮರುವಾರವೇ ನಾಯಿಗಳು ಬೀದಿಗೆ ಬೀಳುತ್ತವೆ. ಮನೆಯ ನಾಯಿ ಬೀದಿಯಲ್ಲಿ ಬದುಕುವುದು ಕಷ್ಟ.

ಮೇಲಿನ ಕಾನೂನು ಏನು ಹೇಳುತ್ತದೆ?

ಬೈಲಾ ಕಾಯ್ದೆಯನ್ನು ಮೀರುವಂತಿಲ್ಲ. ನಾಯಿಯನ್ನು ತೀರಾ ಗಿಡ್ಡ ಸರಪಳಿಯಲ್ಲಿ ದೀರ್ಘಕಾಲ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ‘ಸಾಕುನಾಯಿಯನ್ನು ಸದಾ ಕಟ್ಟಿಯೇ ಇರಿಸತಕ್ಕದ್ದು’ ಎಂಬ ಸಾಲು ಕರಡಿನಲ್ಲಿ ಕಂಡರೆ ಈ ಕಾಯ್ದೆಯನ್ನು ಎದುರಿಗಿಡಿ. ಬೀದಿ ನಾಯಿಗಳ ವಿಷಯಕ್ಕೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಿವೆ. ಊಟ ಹಾಕುವ ಜಾಗ ಮಕ್ಕಳ ಆಟದ ಸ್ಥಳ, ಮೆಟ್ಟಿಲು, ಪ್ರವೇಶದ್ವಾರಗಳಿಂದ ದೂರವಿರಬೇಕೆಂದು ಅವು ಹೇಳುತ್ತವೆ. ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿಗಳನ್ನು ಪೂರ್ತಿ ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸದಂತೆ ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಇನ್ನು ಗಿಳಿ, ನಕ್ಷತ್ರ ಆಮೆ ಸಾಕುವವರು ತಿಳಿದಿರಲಿ: ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪಾಲಿಕೆಯ ಯಾವ ಪರವಾನಗಿಯೂ ಅದನ್ನು ಸಕ್ರಮ ಮಾಡುವುದಿಲ್ಲ.

ಕಟ್ಟಡದ ಕಡೆ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ತಾನಾಗಿ ಕಡ್ಡಾಯವಲ್ಲ. ಸ್ಥಳೀಯ ನಿಯಮ ಅದನ್ನು ಎಷ್ಟರಮಟ್ಟಿಗೆ ಅಳವಡಿಸಿಕೊಂಡಿದೆಯೋ ಅಷ್ಟಕ್ಕೆ ಮಾತ್ರ ಬಲ. ಗಾಳಿ, ಬೆಳಕು, ಬೆಂಕಿ ಸುರಕ್ಷತೆಯಲ್ಲಿ ಕರಡು ಸಂಹಿತೆಗಿಂತ ಸಡಿಲವಾಗಿದ್ದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ನಾಲ್ಕನೆಯದು: ಪತ್ರ ಬರೆಯುವುದು

‘ಈ ಬೈಲಾ ಜನವಿರೋಧಿ, ಕೂಡಲೇ ಹಿಂಪಡೆಯಿರಿ’ ಎಂಬ ಸಾಲಿಗೆ ಅಧಿಕಾರಿ ‘ಪರಿಶೀಲಿಸಲಾಗಿದೆ’ ಎಂಬ ಒಂದೇ ಪದದ ಉತ್ತರ ಬರೆದು ಮುಗಿಸಬಹುದು. ಕಂಡಿಕೆಯ (ಕರಡಿನ ಅಂಶದ) ಸಂಖ್ಯೆ, ಅದರಲ್ಲಿರುವ ಮಾತು, ಅದರಿಂದಾಗುವ ತೊಂದರೆ, ಅದರ ಬದಲಿಗೆ ಬೇಕಾದ ವಾಕ್ಯ, ಈ ನಾಲ್ಕೂ ಇದ್ದರೆ ತಳ್ಳಿಹಾಕಲು ಕಾರಣ ಕೊಡಬೇಕಾಗುತ್ತದೆ. ಒಂದು ಮಾದರಿ ನೋಡಿ:

‘ವಿಷಯ: ಕರಡು ಉಪವಿಧಿಯ ಇಂಥ ಕಂಡಿಕೆಗೆ ಆಕ್ಷೇಪಣೆ. ಸದರಿ ಕಂಡಿಕೆಯು ತೆರವು ಜಾಗದಲ್ಲಿ ಯಾವುದೇ ಪ್ರಾಣಿಯನ್ನು ಇರಿಸತಕ್ಕದ್ದಲ್ಲ ಎನ್ನುತ್ತದೆ. 1,200 ಚದರ ಅಡಿಯ ನಿವೇಶನಗಳಲ್ಲಿ ತೆರವು ಜಾಗ ಬಿಟ್ಟರೆ ಬೇರೆ ಅಂಗಳವಿಲ್ಲದ ಕಾರಣ ಇದು ಸಾಕಣೆಯ ಸಂಪೂರ್ಣ ನಿಷೇಧವಾಗುತ್ತದೆ. ಅದರ ಬದಲಿಗೆ ಕೆಳಕಂಡಂತೆ ಸೇರಿಸಲು ಕೋರುತ್ತೇನೆ: ತೆರವು ಜಾಗದಲ್ಲಿ ಶಾಶ್ವತ ಗೋಡೆ ಅಥವಾ ಚಾವಣಿ ನಿರ್ಮಿಸತಕ್ಕದ್ದಲ್ಲ. ಎತ್ತಿಡಬಹುದಾದ, 1.2 ಮೀಟರ್ ಎತ್ತರ ಮೀರದ ನಾಯಿ ಅಥವಾ ಕೋಳಿ ಗೂಡನ್ನು, ಓಡಾಟಕ್ಕೆ ಕನಿಷ್ಠ 0.75 ಮೀಟರ್ ದಾರಿ ಉಳಿಸಿ, ಹಿಂಬದಿಯಲ್ಲಿ ಇರಿಸಬಹುದು.’

ಒಂದು ಪತ್ರಕ್ಕೆ ಒಂದೆರಡು ಕಂಡಿಕೆ ಸಾಕು. ಕೈಯಲ್ಲಿ ಬರೆದ ಅಂಗಳದ ನಕ್ಷೆ, ಅಳತೆ, ಒಂದು ಛಾಯಾಚಿತ್ರ ಲಗತ್ತಿಸಿ. ಒಂದೇ ಒಕ್ಕಣೆಯ ನೂರು ಪ್ರತಿಗಳನ್ನು ಒಂದೇ ಆಕ್ಷೇಪಣೆಯಾಗಿ ಎಣಿಸಿಬಿಡಬಹುದು. ಹತ್ತು ಮನೆಯವರು ತಮ್ಮ ತಮ್ಮ ಅಳತೆ ಹಾಕಿ ಬರೆದ ಹತ್ತು ಪತ್ರಗಳಿಗೆ ಹೆಚ್ಚು ತೂಕ. ಕನ್ನಡದಲ್ಲೇ ಬರೆಯಿರಿ. ಹಾಲು ಮಾರುವ ನೆರೆಯವರಿಗೆ ಬರೆಯಲು ಬಾರದಿದ್ದರೆ ಅವರು ಹೇಳಿದ್ದನ್ನು ನೀವೇ ಬರೆದುಕೊಟ್ಟು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಈ ನಿಯಮಗಳಿಂದ ಹೆಚ್ಚು ಪೆಟ್ಟು ತಿನ್ನುವವರು ಅವರೇ, ಅವರ ಪತ್ರವೇ ಕಡತದಲ್ಲಿ ಇರುವುದಿಲ್ಲ.

ಐದನೆಯದು: ಸ್ವೀಕೃತಿ ಇಲ್ಲದೆ ಬರಬೇಡಿ

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಅಂಚೆಯಾದರೆ ರಸೀದಿ ಇರುವ ಅಂಚೆಯಲ್ಲೇ ಕಳುಹಿಸಿ. ಪ್ರಕಟಣೆಯಲ್ಲಿ ಇಮೇಲ್ ಕೊಟ್ಟಿದ್ದರೆ ಅಲ್ಲಿಗೂ ಕಳುಹಿಸಿ. ವಾರ್ಡ್ ಸಮಿತಿ ಸಭೆ ನಡೆಯುವ ಊರಾದರೆ ಅಲ್ಲಿಯೂ ವಿಷಯ ಎತ್ತಿ, ನಡಾವಳಿಯಲ್ಲಿ ದಾಖಲಿಸಲು ಕೇಳಿ.

ಆಮೇಲೆ

ಅಂತಿಮ ಅಧಿಸೂಚನೆ ಬಂದಾಗ ಕರಡನ್ನು ಪಕ್ಕದಲ್ಲಿಟ್ಟುಕೊಂಡು ಕಂಡಿಕೆವಾರು ಹೋಲಿಸಿ. ನಿಮ್ಮ ಮಾತು ಸೇರಿಲ್ಲವಾದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ‘ಇಂಥ ದಿನಾಂಕದ ಕರಡಿಗೆ ಬಂದ ಆಕ್ಷೇಪಣೆಗಳ ಪಟ್ಟಿ, ಅವುಗಳ ಮೇಲೆ ಬರೆದ ಕಡತದ ಟಿಪ್ಪಣಿ, ಪರಿಗಣಿಸಿದ ಸಭೆಯ ನಡಾವಳಿಯ ಪ್ರತಿ ಕೊಡಿ’ ಎಂದು ಕೇಳಿದರೆ ಸಾಕು. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ಆಕ್ಷೇಪಣೆಗಳನ್ನು ತೆರೆದೇ ನೋಡಿಲ್ಲ ಎಂದು ಆ ಟಿಪ್ಪಣಿಗಳಿಂದ ತಿಳಿದುಬಂದರೆ ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ರಿಟ್ ಅರ್ಜಿಗೆ ದಾರಿ ಇದೆ. ವಕೀಲರು ಮೊದಲು ಕೇಳುವುದು ಮೊಹರು ಬಿದ್ದ ಆ ಎರಡನೇ ಪ್ರತಿಯನ್ನು. ಮನೆಯ ಕಂದಾಯ ರಸೀದಿಗಳಿರುವ ಕಡತದಲ್ಲೇ ಅದನ್ನೂ ಸೇರಿಸಿಡಿ.