ಮಿಷನರಿ ಇಂಟರ್ನ್ ಆಗಿ ಪರದೇಶದಲ್ಲಿ ನೆಲೆಯೂರುವ ಬಗೆ

ಆರು ತಿಂಗಳಿಗೋ ಒಂದು ವರ್ಷಕ್ಕೋ ಮಿಷನರಿ ಇಂಟರ್ನ್ ಆಗಿ, ಅಂದರೆ ಕ್ರೈಸ್ತ ಸೇವೆಯನ್ನು ಮಾಡುತ್ತಲೇ ಕಲಿಯುವವರಾಗಿ, ಪರದೇಶಕ್ಕೆ ಹೊರಡುವವರು ಸಾಮಾನ್ಯವಾಗಿ ಅಲ್ಲಿಯವರಿಗೆ ತಾವು ಏನು ಕೊಡಬಹುದೆಂಬ ಯೋಚನೆಯಲ್ಲಿಯೇ ಇರುತ್ತಾರೆ. ತಲುಪಿದ ಮೇಲಾದರೋ ಬಸ್ಸು ಹತ್ತುವುದಕ್ಕೂ, ತರಕಾರಿ ಕೊಳ್ಳುವುದಕ್ಕೂ, ಮನೆಯ ಬೀಗ ಕೆಟ್ಟರೆ ಸರಿಪಡಿಸುವವನನ್ನು ಕರೆಸುವುದಕ್ಕೂ ಅವರಿಗೇ ಇನ್ನೊಬ್ಬರ ನೆರವು ಬೇಕಾಗುತ್ತದೆ. ಈ ಅವಲಂಬನೆಯನ್ನು ಸೇವೆಗೆ ಬಂದ ಅಡ್ಡಿಯೆಂದು ಎಣಿಸದೆ, ಸೇವೆ ಶುರುವಾಗುವುದೇ ಅಲ್ಲಿಂದ ಎಂದು ಒಪ್ಪಿಕೊಂಡವರು ಬೇಗ ನೆಲೆಯೂರುತ್ತಾರೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸುವಾಗ ಹಣದ ಚೀಲವನ್ನೂ ಹಸಿಬೆಯನ್ನೂ ಬಿಟ್ಟು ಹೋಗಿರಿ, ಬಡಿಸಿದ್ದನ್ನು ಉಣ್ಣಿರಿ, ಮನೆಯಿಂದ ಮನೆಗೆ ಹೋಗದೆ ಒಂದೇ ಮನೆಯಲ್ಲಿ ಇರಿ ಎಂದು ಹೇಳಿದ್ದರಲ್ಲಿ ಈ ತಿಳಿವಳಿಕೆಯೇ ಇದೆ.

ಹೊರಡುವ ಮೊದಲು ಕಾಗದಪತ್ರಗಳ ಕೆಲಸವನ್ನು ಮುಗಿಸಿಕೊಳ್ಳಿ. ಅನೇಕ ದೇಶಗಳು ಪಾಸ್‌ಪೋರ್ಟಿನ ಅವಧಿ ಕನಿಷ್ಠ 6 ತಿಂಗಳು ಉಳಿದಿರಬೇಕೆಂದು ಕೇಳುತ್ತವೆ. ಹಳದಿ ಜ್ವರದ ಲಸಿಕೆ ಕಡ್ಡಾಯವಿರುವ ದೇಶವಾದರೆ, ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವೇ ಪ್ರಮಾಣಪತ್ರ ಮಾನ್ಯವಾಗುತ್ತದೆಂಬುದನ್ನು ನೆನಪಿಟ್ಟುಕೊಂಡು ಟಿಕೆಟ್ ಮಾಡಿಸಿ. 2016ರಿಂದ ಈ ಪ್ರಮಾಣಪತ್ರ ಜೀವನಪರ್ಯಂತ ಸಲ್ಲುತ್ತದೆ. ತುರ್ತುಸ್ಥಿತಿಯಲ್ಲಿ ರೋಗಿಯನ್ನು ಬೇರೆಡೆಗೆ ಸಾಗಿಸುವ ಖರ್ಚನ್ನೂ ಭರಿಸುವಂಥ ವಿಮೆಯನ್ನೇ ಆರಿಸಿಕೊಳ್ಳಿ. ವೀಸಾ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಬೇಡ. ಪ್ರವಾಸಿ ವೀಸಾದಲ್ಲಿ ಹೋಗಿ ಧಾರ್ಮಿಕ ಸೇವೆ ಮಾಡುವುದನ್ನು ಹಲವು ದೇಶಗಳ ಕಾನೂನು ಒಪ್ಪುವುದಿಲ್ಲ. ಸಿಕ್ಕಿಬಿದ್ದರೆ ನಿಮ್ಮನ್ನು ವಿಮಾನ ಹತ್ತಿಸಿ ಕಳುಹಿಸಬಹುದು, ಆದರೆ ನಿಮ್ಮನ್ನು ಬರಮಾಡಿಕೊಂಡ ಸಭೆ, ಅಂದರೆ ಅಲ್ಲಿನ ಕ್ರೈಸ್ತ ವಿಶ್ವಾಸಿಗಳ ಸಮುದಾಯ, ಅಲ್ಲೇ ಉಳಿದು ವಿಚಾರಣೆ ಎದುರಿಸಬೇಕಾಗುತ್ತದೆ. ಸತ್ಯವನ್ನು ಸಾರಲು ಹೊರಟವರು ಅರ್ಜಿಯಲ್ಲಿ ಸುಳ್ಳು ಬರೆಯುವುದು ನನ್ನ ಮಟ್ಟಿಗೆ ಎಂದೂ ಒಪ್ಪತಕ್ಕ ಸಂಗತಿಯಲ್ಲ.

ನಿಮ್ಮ ಮೇಲ್ವಿಚಾರಕರು ಯಾರು, ವಾರಕ್ಕೆ ಎಷ್ಟು ದಿನ ಕೆಲಸ, ವಿಶ್ರಾಂತಿಯ ದಿನ ಯಾವುದು, ತೊಂದರೆಯಾದರೆ ಯಾರಿಗೆ ಮೊದಲು ಹೇಳಬೇಕು ಎಂಬುದನ್ನು ಕಳುಹಿಸುವ ಸಂಸ್ಥೆಯಿಂದಲೂ ಬರಮಾಡಿಕೊಳ್ಳುವ ಸಭೆಯಿಂದಲೂ ಬರಹದಲ್ಲಿ ಪಡೆದುಕೊಳ್ಳಿ. ಇಬ್ಬರೂ ಬೇರೆ ಬೇರೆ ಉತ್ತರ ಕೊಟ್ಟರೆ ಆ ಭೇದವನ್ನು ಹೊರಡುವ ಮುನ್ನವೇ ಬಗೆಹರಿಸಿಕೊಳ್ಳುವುದು ಸುಲಭ.

ಮೊದಲ ಮೂರು ತಿಂಗಳು ಭಾಷೆಗೆ ಮೀಸಲಾಗಿರಲಿ. ಇಂಗ್ಲಿಷ್ ಬಲ್ಲವರೊಬ್ಬರು ಸದಾ ಜೊತೆಗಿರುತ್ತಾರೆ, ಇಷ್ಟು ಅಲ್ಪಕಾಲಕ್ಕೆ ಭಾಷೆ ಕಲಿತು ಏನು ಪ್ರಯೋಜನ ಎಂದು ಅನೇಕರು ಕೇಳುತ್ತಾರೆ. ಆದರೆ ಸಭೆಯ ಮುದುಕಿಯೊಬ್ಬಳು ತನ್ನ ಮಗನ ಕಾಯಿಲೆಗಾಗಿ ಪ್ರಾರ್ಥಿಸಬೇಕೆಂದು ಕೇಳುವುದು ತನ್ನ ಭಾಷೆಯಲ್ಲಿಯೇ, ಮತ್ತು ಆ ಹೊತ್ತಿಗೆ ದುಭಾಷಿ ಪಕ್ಕದಲ್ಲಿ ಇರುವುದಿಲ್ಲ. ಕನ್ನಡಿಗರಿಗಂತೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ: 1853ರಲ್ಲಿ ಬಾಸೆಲ್ ಮಿಷನ್ನಿನ ಮೂಲಕ ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟೆಲ್, ಕಲಿಯುವವನಾಗಿ ಕುಳಿತ ಭಾಷೆಗೆ 1894ರಲ್ಲಿ ಒಂದು ಮಹಾ ನಿಘಂಟನ್ನೇ ಕೊಟ್ಟರು. ನಿಮ್ಮಿಂದ ಯಾರೂ ನಿಘಂಟನ್ನು ನಿರೀಕ್ಷಿಸುವುದಿಲ್ಲ. ಅಮೆರಿಕದ ರಾಜತಾಂತ್ರಿಕರಿಗೆ ತರಬೇತಿ ಕೊಡುವ ಸಂಸ್ಥೆಯ ಅಂದಾಜಿನಂತೆ, ಇಂಗ್ಲಿಷ್ ಮಾತೃಭಾಷೆಯವರು ಅರಬ್ಬಿ, ಜಪಾನಿ ಮೊದಲಾದ ಭಾಷೆಗಳಲ್ಲಿ ಕೆಲಸ ಮಾಡುವಷ್ಟು ಪರಿಣತಿ ಗಳಿಸಲು ಸುಮಾರು 2,200 ಗಂಟೆಗಳ ತರಗತಿ ಬೇಕು. ಆದ್ದರಿಂದ ಸಣ್ಣ ಗುರಿ ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕೈದು ವಾಕ್ಯಗಳನ್ನು ಒಬ್ಬರಿಂದ ಬಾಯಿಪಾಠ ಮಾಡಿಕೊಂಡು, ಅದೇ ದಿನ ಅಂಗಡಿಯವರಿಗೆ, ನೆರೆಯವರಿಗೆ, ಬಸ್ ನಿಲ್ದಾಣದಲ್ಲಿ ಕಂಡವರಿಗೆ, ಕನಿಷ್ಠ ಇಪ್ಪತ್ತು ಮಂದಿಗೆ ಹೇಳಿ. ಮೊದಲ ವಾರ ಹೆಸರು, ನಮಸ್ಕಾರ, ಕೃತಜ್ಞತೆ. ಎರಡನೆಯ ವಾರ ಕುಟುಂಬ, ಆರೋಗ್ಯ. ಮೂರನೆಯ ವಾರ ಒಂದು ಚಿಕ್ಕ ಪ್ರಾರ್ಥನೆ. ಹಿರಿಯರನ್ನೂ ಸಭಾಪಾಲಕರನ್ನೂ (ಪಾಸ್ಟರರನ್ನೂ) ಸಂಬೋಧಿಸುವ ಗೌರವದ ರೂಪಗಳನ್ನು ಮಾತ್ರ ತಪ್ಪಿಲ್ಲದೆ ಕಲಿಯಿರಿ. ವ್ಯಾಕರಣದ ತಪ್ಪನ್ನು ಜನ ನಕ್ಕು ಮರೆಯುತ್ತಾರೆ, ಅಗೌರವವನ್ನು ಮರೆಯುವುದು ಕಷ್ಟ. ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವುದಕ್ಕಿಂತ ಸಭೆಗೆ ಸೇರಿದ ಒಂದು ಕುಟುಂಬದೊಡನೆ ಇರಲು ಅವಕಾಶವಿದ್ದರೆ ಅದನ್ನೇ ಆರಿಸಿಕೊಳ್ಳಿ. ಅಡುಗೆಮನೆಯಲ್ಲಿ ಒಂದು ಸಂಜೆ ಕಿವಿಗೆ ಬೀಳುವಷ್ಟು ಭಾಷೆ ಒಂದು ವಾರದ ತರಗತಿಯಲ್ಲಿ ಸಿಗುವುದಿಲ್ಲ.

ಆರನೆಯ ವಾರದಿಂದ ಮೂರನೆಯ ತಿಂಗಳವರೆಗಿನ ಅವಧಿಯ ಬಗ್ಗೆ ಮುಂಚೆಯೇ ಎಚ್ಚರವಿರಲಿ. ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1954ರ ಉಪನ್ಯಾಸವೊಂದರಲ್ಲಿ ಪರಸಂಸ್ಕೃತಿಯ ಆಘಾತವನ್ನು ವಿವರಿಸುತ್ತಾ, ಮೊದಲು ಎಲ್ಲವೂ ಚಂದವೆನಿಸುವ ಹಂತ, ಆಮೇಲೆ ಎಲ್ಲದರ ಮೇಲೂ ಸಿಟ್ಟು ಬರುವ ಹಂತ, ನಂತರ ನಿಧಾನವಾದ ಚೇತರಿಕೆ, ಕೊನೆಗೆ ಹೊಂದಾಣಿಕೆ ಎಂದು ಗುರುತಿಸಿದರು. ಎರಡನೆಯ ಹಂತ ಇಂಟರ್ನ್‌ಗಳನ್ನು ಬಹಳ ನೋಯಿಸುತ್ತದೆ, ಏಕೆಂದರೆ ಅದನ್ನು ಅವರು ತಮ್ಮ ವಿಶ್ವಾಸದ ಕೊರತೆಯೆಂದೋ, ಈ ಸೇವೆಗೆ ದೇವರಿಂದ ಬಂದ ಕರೆಯೇ ಸುಳ್ಳೆಂದೋ ತಪ್ಪಾಗಿ ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದು ಕೆಲವು ವಾರ ಯಾರಿಗೂ ಹೇಳದೆ ಕೊರಗಿದೆ. ಕಡೆಗೊಮ್ಮೆ ಹೇಳಿಕೊಂಡಾಗ ಅಲ್ಲಿನ ಹಿರಿಯರೊಬ್ಬರು ದಿನವೂ ಸಂಜೆ ತಮ್ಮ ಜೊತೆ ನಡೆಯಲು ಬಾ ಎಂದರು, ಅಷ್ಟರಿಂದಲೇ ಮನಸ್ಸು ಹಿಡಿತಕ್ಕೆ ಬಂತು. ಈ ದಿನಗಳಲ್ಲಿ ನಿದ್ರೆಯನ್ನೂ ಊಟವನ್ನೂ ಕ್ರಮವಾಗಿ ಇಟ್ಟುಕೊಳ್ಳಿ, ಮನೆಯವರೊಡನೆ ಮಾತನಾಡಲು ವಾರದಲ್ಲಿ ಎರಡು ದಿನ ಗೊತ್ತುಮಾಡಿಕೊಳ್ಳಿ, ಮಿಕ್ಕ ಸಂಜೆಗಳನ್ನು ಫೋನಿಗೆ ಒಪ್ಪಿಸಬೇಡಿ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ರೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಪ್ರಾರ್ಥನೆಯೂ ಚಿಕಿತ್ಸೆಯೂ ಒಂದಕ್ಕೊಂದು ವಿರೋಧವಲ್ಲ.

ಆರಾಧನೆಯೇ ಅರ್ಥವಾಗದ ಭಾನುವಾರಗಳು ಒಳಗನ್ನು ಒಣಗಿಸುತ್ತವೆ. ಆ ದಿನದ ವಾಕ್ಯಭಾಗವನ್ನು ಮುಂಚೆಯೇ ಕೇಳಿಕೊಂಡು ಕನ್ನಡದ ಸತ್ಯವೇದದಲ್ಲಿ (ಬೈಬಲ್ಲಿನಲ್ಲಿ) ಓದಿ ಹೋದರೆ ಸಭಾಪಾಲಕರ ಪ್ರಸಂಗದ ಜಾಡು ಸಿಗುತ್ತದೆ. ಬೆಳಗಿನ ಧ್ಯಾನ ಮಾತೃಭಾಷೆಯಲ್ಲಿಯೇ ಇರಲಿ.

ಹಣದ ವಿಷಯ ಇದಕ್ಕಿಂತ ಸೂಕ್ಷ್ಮ. ಹೊರಗಿನಿಂದ ಬಂದವರ ಕೈಯಲ್ಲಿ ಹಣವಿದೆಯೆಂದು ಜನ ನಂಬುವುದು ಸಹಜ. ಕಷ್ಟ ಕಂಡಾಗ ಕೊಡಬೇಕೆನಿಸುವುದೂ ಸಹಜ. ಆದರೆ ನೀವು ಖಾಸಗಿಯಾಗಿ ಒಬ್ಬರಿಗೆ ಕೊಟ್ಟದ್ದು ಸಭೆಯೊಳಗೆ ಅಸೂಯೆಗೂ ಅವಲಂಬನೆಗೂ ದಾರಿಯಾಗುತ್ತದೆ. ಸ್ಥಳೀಯ ಸಭೆಗಳು ತಮ್ಮ ಆಡಳಿತವನ್ನೂ ಖರ್ಚನ್ನೂ ಸುವಾರ್ತಾಸೇವೆಯನ್ನೂ ತಾವೇ ನಡೆಸುವಂತಾಗಬೇಕೆಂದು ಮಿಷನ್ ಸಂಸ್ಥೆಗಳ ಮುಂದಾಳುಗಳಾದ ಇಂಗ್ಲೆಂಡಿನ ಹೆನ್ರಿ ವೆನ್, ಅಮೆರಿಕದ ರೂಫಸ್ ಆಂಡರ್ಸನ್ ಇಬ್ಬರೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ವಾದಿಸಿದ್ದರು. ನೆರವಿನ ಕೋರಿಕೆ ಬಂದಾಗ ಸಭಾಪಾಲಕರನ್ನು ಕೇಳಿ ಹೇಳುತ್ತೇನೆ ಎಂದು ಉತ್ತರಿಸಿ, ಕೊಡಬೇಕಾದುದನ್ನು ಸಭೆಯ ಮೂಲಕವೇ ಕೊಡಿ.

ನಿಮ್ಮನ್ನು ಬೆಂಬಲಿಸುವವರಿಗೆ ತಿಂಗಳಿಗೊಂದು ಪ್ರಾರ್ಥನಾ ಪತ್ರ ಬರೆಯಿರಿ. ಎಷ್ಟು ಮಂದಿ ನಂಬಿದರು ಎಂಬ ಲೆಕ್ಕ ಕೊಡಬೇಕೆಂಬ ಒತ್ತಡಕ್ಕೆ ಒಳಗಾಗಬೇಡಿ. 1813ರಲ್ಲಿ ಬರ್ಮಾಕ್ಕೆ ಹೋದ ಅಮೆರಿಕದ ಮಿಷನರಿ ಅಡೋನಿರಾಮ್ ಜಡ್ಸನ್ ಅಲ್ಲಿ ಮೊದಲ ದೀಕ್ಷಾಸ್ನಾನವನ್ನು (ಬ್ಯಾಪ್ಟಿಸಮ್ ಅನ್ನು) ಕಂಡದ್ದು 1819ರಲ್ಲಿ. ಕಲಿತದ್ದನ್ನು, ಎಡವಿದ್ದನ್ನು, ನಿಮ್ಮನ್ನು ಕೈಹಿಡಿದು ನಡೆಸಿದವರ ಒಳ್ಳೆಯತನವನ್ನು ಬರೆದರೆ ಸಾಕು. ಅನುಮತಿಯಿಲ್ಲದೆ ಯಾರ ಚಿತ್ರವನ್ನೂ ಕಳುಹಿಸಬೇಡಿ. ಮತಾಂತರಕ್ಕೆ ಕಾನೂನಿನ ನಿರ್ಬಂಧವಿರುವ ದೇಶದಲ್ಲಿ ವಿಶ್ವಾಸಿಗಳ ಹೆಸರು, ಊರು, ಮುಖ ಯಾವುದೂ ಪತ್ರದಲ್ಲಿ ಇರಕೂಡದು. ಮಕ್ಕಳೊಡನೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ, ಮತ್ತು ನಿಮ್ಮೊಡನೆಯೇ ಯಾರಾದರೂ ಅನುಚಿತವಾಗಿ ನಡೆದುಕೊಂಡರೆ ಸೇವೆಗೆ ಕೆಟ್ಟ ಹೆಸರು ಬರುತ್ತದೆಂದು ಮೌನವಾಗಿರದೆ ಕಳುಹಿಸಿದ ಸಂಸ್ಥೆಗೆ ಅಂದೇ ತಿಳಿಸಿ.

ಊರಿಗೆ ಮರಳಿ ಹೊರಡುವ ತಿಂಗಳಿನಲ್ಲಿ ಹೊಸ ಕೆಲಸವನ್ನು ಕೈಗೆತ್ತಿಕೊಳ್ಳಬೇಡಿ. ನೀವು ನಡೆಸುತ್ತಿದ್ದ ಭಾನುವಾರದ ಶಾಲೆಯ ತರಗತಿಯಿದ್ದರೆ ಅದನ್ನು ಸ್ಥಳೀಯರೊಬ್ಬರು ನಡೆಸಲಿ, ನೀವು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ನೀವು ಕಲಿತ ವಾಕ್ಯಗಳ ಪುಸ್ತಕ, ಬಸ್ಸಿನ ವಿವರ, ವೈದ್ಯರ ವಿಳಾಸ, ಗೌರವದ ಸಂಬೋಧನೆಗಳ ಪಟ್ಟಿ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದು ಮುಂದೆ ಬರುವ ಇಂಟರ್ನ್‌ಗೆ ಬಿಟ್ಟುಬನ್ನಿ. ಪೌಲನೂ ಬಾರ್ನಬನೂ ತಮ್ಮನ್ನು ಕಳುಹಿಸಿದ ಅಂತಿಯೋಕ್ಯದ ಸಭೆಗೆ ಮರಳಿ, ಎಲ್ಲರನ್ನೂ ಕೂಡಿಸಿ ನಡೆದದ್ದನ್ನೆಲ್ಲ ತಿಳಿಸಿದರೆಂದು ಅಪೊಸ್ತಲರ ಕೃತ್ಯಗಳ ಹದಿನಾಲ್ಕನೆಯ ಅಧ್ಯಾಯ ಹೇಳುತ್ತದೆ. ನಿಮ್ಮನ್ನು ಕಳುಹಿಸಿದ ಊರಿನ ಸಭೆಯಲ್ಲಿಯೂ ಅಂಥದೊಂದು ಸಂಜೆಯನ್ನು ಪರದೇಶದಿಂದ ಹೊರಡುವ ಮೊದಲೇ ಗೊತ್ತುಮಾಡಿಸಿಕೊಂಡು, ಅಲ್ಲಿ ಹೇಳಬೇಕಾದ ಮಾತುಗಳನ್ನು ನಿಮಗೆ ಆತಿಥ್ಯ ನೀಡಿದ ಮನೆಯವರಿಗೆ ಮುಂಚಿತವಾಗಿ ಓದಿ ತೋರಿಸಿ ಅವರ ಒಪ್ಪಿಗೆಯನ್ನು ಪಡೆಯಿರಿ.