ಕೂದಲು, ಹತ್ತಿ ಎಳೆ, ರಕ್ತಕಣ: ಯಾವುದು ದಪ್ಪ?

ಅಣ್ಣಿಗೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಎಂಟನೇ ಕ್ಲಾಸಿಗೆ ಘಾತಾಂಕದ (10ರ ತಲೆಯ ಮೇಲೆ ಸಣ್ಣದಾಗಿ ಬರೆಯುವ ಸಂಖ್ಯೆಯ) ಪಾಠ ಬಂತೆಂದರೆ ಪ್ರತಿ ವರ್ಷ ಅದೇ ಗೋಳು. 7 × 10⁻⁶ ದೊಡ್ಡದೋ, 1.5 × 10⁻⁵ ದೊಡ್ಡದೋ? ಅರ್ಧ ಕ್ಲಾಸು "ಏಳು ದೊಡ್ಡದ್ರೀ ಸರ್" ಅನ್ನುತ್ತದೆ. ಉಳಿದವರು "ಐದಕ್ಕಿಂತ ಆರು ದೊಡ್ಡದಲ್ರೀ" ಅನ್ನುತ್ತಾರೆ. ಕಾರಣ ಬೇರೆ ಬೇರೆ, ತಪ್ಪು ಮಾತ್ರ ಒಂದೇ.

ಹೋದ ವರ್ಷ ಲ್ಯಾಬಿನಿಂದ, ತೆಳುವಾದ ವಸ್ತುಗಳ ದಪ್ಪ ಅಳೆಯುವ ಸ್ಕ್ರೂ ಗೇಜ್ ತಂದೆ. ಒಬ್ಬ ಹುಡುಗಿ ತನ್ನ ಜಡೆಯಿಂದ ಒಂದು ಕೂದಲು ಕಿತ್ತು ಕೊಟ್ಟಳು. ಗೇಜಿನ ಬಾಯಿಗೆ ಇಟ್ಟು, ಟಿಕ್ ಟಿಕ್ ಸದ್ದು ಬರುವವರೆಗೆ ತಿರುಗಿಸಿದೆವು. ಉದ್ದ ಪಟ್ಟಿಯಲ್ಲಿ ಸೊನ್ನೆ, ದುಂಡು ಪಟ್ಟಿಯಲ್ಲಿ 7ನೇ ಗೆರೆ. ಒಂದು ಗೆರೆಗೆ 0.01 ಮಿ.ಮೀ. ಹಾಗಾಗಿ ಕೂದಲು 0.07 ಮಿ.ಮೀ.

ಎರೆಹೊಲದಿಂದ ಒಬ್ಬ ಹತ್ತಿ ತಂದಿದ್ದ. ಧಾರವಾಡದಲ್ಲೇ ತಯಾರಾದ ಡಿಸಿಎಚ್-32 ತಳಿ, ಎಳೆ ಬಲು ನವಿರು. ಒಂದೇ ಎಳೆ ಇಟ್ಟರೆ ಗೇಜು ಒಮ್ಮೆ 1 ತೋರಿಸಿತು, ಒಮ್ಮೆ 2. ಅಷ್ಟು ಸಣ್ಣದು ಅದರ ಕೈಗೆ ಸಿಗುವುದಿಲ್ಲ. ಕೊನೆಗೆ ಹತ್ತಿ ಎಳೆಗೆ ಸುಮಾರು 15 ಮೈಕ್ರಾನ್ (ಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರಾನ್), ಕೆಂಪು ರಕ್ತಕಣದ ಅಗಲಕ್ಕೆ ಸುಮಾರು 7 ಮೈಕ್ರಾನ್ ಅಂತ ಪುಸ್ತಕದ ಲೆಕ್ಕವನ್ನೇ ಹಿಡಿದೆವು.

ಅಲ್ಲಿ ನಾನೇ ಎಡವಿದೆ. ಬೋರ್ಡಿನ ಮೇಲೆ ಕೂದಲು 7 × 10⁻², ರಕ್ತಕಣ 7 × 10⁻⁶ ಅಂತ ಬರೆದು, ಕೂದಲು ಹತ್ತು ಸಾವಿರ ಪಟ್ಟು ದಪ್ಪ ಅಂದುಬಿಟ್ಟೆ. ಹಿಂದಿನ ಬೆಂಚಿನಿಂದ ದನಿ ಬಂತು: "ಸರ್, ಹಂಗಾದ್ರ ನಮ್ಮ ಕೂದಲು ಏಳು ಸೆಂಟಿಮೀಟರ್ ದಪ್ಪ ಆಗ್ತೈತ್ರೀ!" ಒಂದು ಮಿಲಿಮೀಟರಿನಲ್ಲಿತ್ತು, ಇನ್ನೊಂದು ಮೀಟರಿನಲ್ಲಿ. ಕ್ಲಾಸು ನಕ್ಕಿತು, ನಾನೂ ನಕ್ಕೆ.

ಈಗ ಮೊದಲು ಎಲ್ಲವನ್ನೂ ಮೀಟರಿಗೆ ತರುತ್ತೇವೆ. ಕೂದಲು 7 × 10⁻⁵, ಹತ್ತಿ ಎಳೆ 1.5 × 10⁻⁵, ರಕ್ತಕಣ 7 × 10⁻⁶. ಆಮೇಲೆ ಘಾತಾಂಕ ನೋಡುವುದು. ಮೈನಸ್ ಐದು ಹೇಗೆ ದೊಡ್ಡದು ಅಂದರೆ ಕಿರಾಣಿ ಅಂಗಡಿಗೆ ಕರೆದೊಯ್ಯುತ್ತೇನೆ: ಒಬ್ಬನದು ಐದು ರೂಪಾಯಿ ಉದ್ರಿ, ಇನ್ನೊಬ್ಬನದು ಆರು. ಯಾರ ಸ್ಥಿತಿ ವಾಸಿ? ಇದಕ್ಕೆ ಯಾರೂ ತಪ್ಪುವುದಿಲ್ಲ. ಘಾತಾಂಕ ಎರಡರದ್ದೂ ಒಂದೇ ಇದ್ದರೆ ಮಾತ್ರ × ಗುರುತಿನ ಎಡಗಡೆಯ ಸಂಖ್ಯೆ ನೋಡಬೇಕು. ಕೂದಲಿಗೂ ಹತ್ತಿಗೂ ಹಾಗೆ.

ಎಷ್ಟು ಪಟ್ಟು ಅಂತ ಬೇಕಾದರೆ 1.5 × 10⁻⁵ ಅನ್ನು 15 × 10⁻⁶ ಮಾಡಿಕೊಳ್ಳುತ್ತೇವೆ. 15ನ್ನು 7ರಿಂದ ಭಾಗಿಸಿದರೆ ಎರಡಕ್ಕಿಂತ ತುಸು ಜಾಸ್ತಿ. ಹತ್ತಿ ಎಳೆ ರಕ್ತಕಣದ ಅಗಲದ ಎರಡು ಪಟ್ಟು ದಪ್ಪ, ಅಷ್ಟೇ. ಕೂದಲು ಹತ್ತು ಪಟ್ಟು.

ಆದರೆ ಎಡಗಡೆಯ ಸಂಖ್ಯೆ 1ಕ್ಕಿಂತ ಕಡಿಮೆ ಇರಬಾರದು, 10 ಮುಟ್ಟಬಾರದು. ಆಗಲೇ ಅದು ಆದರ್ಶ ರೂಪ. ಇಲ್ಲದಿದ್ದರೆ ಘಾತಾಂಕ ನೋಡಿ ಹೇಳಿದ್ದು ಕೆಡುತ್ತದೆ. ಮೊನ್ನೆ ಕಿರುಪರೀಕ್ಷೆಯಲ್ಲಿ 0.7 × 10⁻⁵ ಮತ್ತು 7 × 10⁻⁶ ಕೊಟ್ಟು, ದೊಡ್ಡದು ಯಾವುದು ಅಂತ ಕೇಳಿದೆ. ಹೆಚ್ಚಿನವರು ಉದ್ರಿ ನೆನೆದು ಮೊದಲನೆಯದಕ್ಕೆ ಗುರುತು ಹಾಕಿದ್ದರು. ಎರಡೂ ಸಮ ಅಂತ ಬರೆದವರು ಆರೇ ಮಂದಿ.