ಮುಳ್ಳಿನ ಕುಣಿತ, ಒಂದು ಗೇಣು ಪೈಪು

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೊರಟರೆ ಸಕ್ರೆಬೈಲು ದಾಟುವವರೆಗೂ ಕಾರಿನದ್ದು ಏನೂ ತಕರಾರಿಲ್ಲ. ಮಂಡಗದ್ದೆ ಹತ್ತಿರ ಬರುವಷ್ಟರಲ್ಲಿ ಎಂಜಿನ್ ಚೆನ್ನಾಗಿ ಕಾದಿರುತ್ತದೆ. ಆಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಬೂಸ್ಟ್ ಗೇಜಿನ (ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ ತೋರಿಸುವ ಮೀಟರು) ಮುಳ್ಳು 0.9 ಬಾರ್‌ನಲ್ಲಿ ನಿಲ್ಲುವ ಬದಲು 1.1ಕ್ಕೆ ಚಿಮ್ಮುತ್ತಿತ್ತು, 0.5ಕ್ಕೆ ಬೀಳುತ್ತಿತ್ತು, ಮತ್ತೆ ಏರುತ್ತಿತ್ತು. ಪಕ್ಕದಲ್ಲಿ ಕೂತವರಿಗೆ ಡ್ರೈವಿಂಗ್ ಕಲಿಯುವವನ ಜೊತೆ ಹೊರಟ ಅನುಭವ.

ಕಾರು 1.4 ಲೀಟರಿನ ಹಳೇ ಟರ್ಬೊ ಪೆಟ್ರೋಲ್ ಸೆಡಾನ್. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಮ್ಯಾಪ್ (ಸೆಟ್ಟಿಂಗ್) ಬೆಂಗಳೂರಿನಲ್ಲಿ ಮಾಡಿಸಿದ್ದು. ಟರ್ಬೊ ಗಾಳಿ ತಣಿಸುವ ದೊಡ್ಡ ಇಂಟರ್‌ಕೂಲರ್, ಗೇಜು, ಪೈಪುಗಳೆಲ್ಲ ಮನೆ ಅಂಗಳದಲ್ಲಿ ನಾನೇ ಹಾಕಿದ್ದು. ಇದು ಮುಂದೆ ಮುಖ್ಯವಾಗುತ್ತದೆ.

ಮೊದಲು ಎಲ್ಲರ ಹಾಗೆ ಸಾಮಾನು ಬದಲಿಸಿದೆ. ಪ್ಲಗ್ ಗ್ಯಾಪ್ 0.7 ಮಿ.ಮೀ.ಗೆ ಇಳಿಸಿದೆ, ಆಕ್ಸಿಲರೇಟರ್ ಬಿಟ್ಟಾಗ ಟರ್ಬೊದ ಹೆಚ್ಚುವರಿ ಗಾಳಿ ಹೊರಬಿಡುವ ಡಂಪ್ ವಾಲ್ವ್ ಹೊಸದು ಹಾಕಿದೆ. ದುಡ್ಡು ಹೋಯಿತು, ಕುಣಿತ ಹೋಗಲಿಲ್ಲ.

ಆಮೇಲೆ ಇಸಿಯು ಅಂಕಿಗಳನ್ನು ಓದುವ ಬ್ಲೂಟೂತ್ ಓಬಿಡಿ ಡಾಂಗಲ್ ಚುಚ್ಚಿ ಫೋನಿನಲ್ಲಿ ಲಾಗ್ ತೆಗೆದೆ. ಹತ್ತು ಅಂಕಿ ಒಟ್ಟಿಗೆ ಕೇಳಿದರೆ ಅಗ್ಗದ ಡಾಂಗಲ್ ಒಂದೊಂದನ್ನೂ ತಡವಾಗಿ ಕೊಡುತ್ತದೆ, ಏರಿಳಿತ ನಡುವೆಯೇ ಕಳೆದುಹೋಗುತ್ತದೆ. ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು), ಆರ್‌ಪಿಎಂ, ಥ್ರಾಟಲ್ (ಆ ಗಾಳಿಯ ಬಾಗಿಲು) ಮೂರೇ ಇಟ್ಟುಕೊಂಡೆ. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿದಾಗ ಸೆನ್ಸರ್ 95 ಕಿಲೋಪಾಸ್ಕಲ್ ತೋರಿಸಿತು. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅಷ್ಟೇ ಬರಬೇಕು. ಸಮುದ್ರ ಮಟ್ಟದ 101 ಬರಲಿಲ್ಲವೆಂದು ಸೆನ್ಸರ್ ಕಿತ್ತುಹಾಕಬೇಡಿ. ಲಾಗ್‌ನಲ್ಲಿ ಒಂದು ವಿಷಯ ಸ್ಪಷ್ಟವಾಯಿತು: ಒತ್ತಡ ಮಿತಿ ಮೀರಿದ ಕೂಡಲೇ ಇಸಿಯು ಥ್ರಾಟಲ್ ಮುಚ್ಚುತ್ತಿತ್ತು. ಅಂದರೆ ಬೀಳುವುದು ಪರಿಣಾಮ, ರೋಗ ಚಿಮ್ಮುವುದರಲ್ಲಿದೆ.

ಆದರೂ ಸೋರಿಕೆ ನೋಡಿಬಿಡೋಣ ಎಂದುಕೊಂಡೆ. ತೋಟದ ನೀರಿನ ಪೈಪಿನ ಪಿವಿಸಿ ಮುಚ್ಚಳಕ್ಕೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ, ಟರ್ಬೊ ಗಾಳಿ ಎಳೆಯುವ ಬಾಯಿಗೆ ಬಿಗಿದೆ. ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಭಾಗ) ಉಸಿರು ಪೈಪನ್ನು ಕಿತ್ತು ಎರಡೂ ಕಡೆ ಮುಚ್ಚಲೇಬೇಕು, ಇಲ್ಲದಿದ್ದರೆ ಗಾಳಿ ಒಳಹೊಕ್ಕು ಆಯಿಲ್ ಸೀಲನ್ನೇ ತಳ್ಳೀತು. ಪಂಚರ್ ಅಂಗಡಿಯ ಕಂಪ್ರೆಸರಿನಿಂದ 10-12 ಪಿಎಸ್‌ಐ, ಅದಕ್ಕಿಂತ ಹೆಚ್ಚಿಲ್ಲ. ಮೆಣಸಿನ ಬಳ್ಳಿಗೆ ಔಷಧಿ ಹೊಡೆಯುವ ಕೈಪಂಪನ್ನು ಚೆನ್ನಾಗಿ ತೊಳೆದು, ಸೋಪು ನೀರು ತುಂಬಿ ಸಿಂಪಡಿಸಿದೆ. ಇಂಟರ್‌ಕೂಲರಿನ ಕೆಳಗಿನ ಕ್ಲಾಂಪಿನಲ್ಲಿ ನೊರೆ ಉಕ್ಕಿತು. ಬಿಗಿದು ಓಡಿಸಿದರೆ ಕಾಯಿಲೆ ಹೆಚ್ಚಾಗಬೇಕೆ! ಮುಳ್ಳು ಈಗ 1.2ಕ್ಕೆ ಹೋಯಿತು. ಚಿಮ್ಮುವ ಗಾಳಿಯಲ್ಲಿ ಸ್ವಲ್ಪ ಆ ಸೋರಿಕೆಯಲ್ಲೇ ಹೋಗುತ್ತಿತ್ತು. ಎರಡು ತಪ್ಪು ಒಂದಕ್ಕೊಂದು ಮರೆಯಾಗಿದ್ದವು.

ನಾನು ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆ ಹೇಳಿದ್ದು ತೀರ್ಥಹಳ್ಳಿಯ ಭಾವ. ಟ್ರಾಕ್ಟರ್, ಪಂಪ್‌ಸೆಟ್ ರಿಪೇರಿಯವರು. "ಮಾರಾಯ, ನಡುವಿನ ದಲ್ಲಾಳಿನ ತೆಗೆದು ನೋಡು" ಅಂದರು. ಟರ್ಬೊ ತಿರುಗಿಸುವ ಹೊಗೆಯನ್ನು ಪಕ್ಕಕ್ಕೆ ಬಿಟ್ಟು ಬೂಸ್ಟ್ ತಡೆಯುವ ಫ್ಲಾಪೇ ವೇಸ್ಟ್‌ಗೇಟ್, ಗಾಳಿಯ ಒತ್ತಡದಿಂದ ಅದನ್ನು ತೆರೆಯುವುದು ಆಕ್ಚುಯೇಟರ್. ದಲ್ಲಾಳಿ ಅಂದರೆ ಆ ಒತ್ತಡ ಎಷ್ಟು ಮುಟ್ಟಬೇಕೆಂದು ಇಸಿಯು ಹೇಳಿದಂತೆ ನಡೆಸುವ ವಿದ್ಯುತ್ ವಾಲ್ವ್, ಬೂಸ್ಟ್ ಸೊಲೆನಾಯ್ಡ್. ಅದನ್ನು ಬಿಟ್ಟು ಟರ್ಬೊದ ಕಂಪ್ರೆಸರ್ ಹೌಸಿಂಗಿನಿಂದ ವೇಸ್ಟ್‌ಗೇಟ್ ಆಕ್ಚುಯೇಟರಿಗೆ ಬೇರೊಂದು ಗಿಡ್ಡ ಪೈಪಿನಿಂದ ನೇರ ಸಂಪರ್ಕ ಕೊಟ್ಟೆ. ಆಗ ಸ್ಪ್ರಿಂಗ್ ಬಿಡುವಷ್ಟೇ ಬೂಸ್ಟ್. ಮುಳ್ಳು 0.5ಕ್ಕೆ ಹೋಗಿ ಗೂಟ ಹೊಡೆದಂತೆ ನಿಂತಿತು. ಟರ್ಬೊ, ಫ್ಲಾಪ್, ಆಕ್ಚುಯೇಟರ್ ಎಲ್ಲ ಒಂದೇ ಏಟಿಗೆ ಖುಲಾಸೆ. ಟರ್ಬೊ ಬಿಚ್ಚಬೇಕೆಂದು ಹೇಳಿದವರಿದ್ದರು, ಹೆಸರು ಬೇಡ.

ಉಳಿದಿದ್ದು ಸೊಲೆನಾಯ್ಡ್, ಅದರ ಪೈಪು. ಬಾನೆಟ್ ಒಳಗೆ ಅಂದವಾಗಿ ಕಾಣಲಿ ಎಂದು ಆ ಪೈಪನ್ನು ಸುತ್ತುಬಳಸಿ ಒಯ್ದವನು ನಾನೇ. ಮನೆಯಲ್ಲಿದ್ದ ವೈಪರ್ ನೀರಿನ ಪೈಪನ್ನೇ ಹಾಕಿದ್ದೆ. ಬಿಸಿ ಇರುವಾಗಲೇ ಮುಟ್ಟಿ ನೋಡಿದೆ: ಬೇಯಿಸಿದ ಶಾವಿಗೆಯ ಹಾಗೆ ಮೆತ್ತಗಾಗಿ ತಿರುವಿನಲ್ಲಿ ಮಡಚಿಕೊಂಡಿತ್ತು. ಒತ್ತಡ ಆಕ್ಚುಯೇಟರಿಗೆ ತಡವಾಗಿ ಮುಟ್ಟುತ್ತಿತ್ತು, ವೇಸ್ಟ್‌ಗೇಟೂ ತಡವಾಗಿ ತೆರೆಯುತ್ತಿತ್ತು, ಅಷ್ಟರಲ್ಲಿ ಮುಳ್ಳು ಚಿಮ್ಮಿರುತ್ತಿತ್ತು.

ದಪ್ಪ ಗೋಡೆಯ 4 ಮಿ.ಮೀ. ಸಿಲಿಕಾನ್ ಪೈಪು ತಂದು, ಹತ್ತಿರದ ದಾರಿಯಲ್ಲಿ ಒಂದು ಗೇಣು ಉದ್ದ ಹಾಕಿ, ಎರಡೂ ತುದಿಗೆ ಕ್ಲಿಪ್ ಬಿಗಿದೆ. ಸೊಲೆನಾಯ್ಡ್ ಹಳೆಯದೇ. ಅದೇ ರಸ್ತೆ, ಅದೇ ಗೇರು: 0.95ಕ್ಕೆ ಒಮ್ಮೆ ತಾಗಿ 0.9ಕ್ಕೆ ಬಂದು ನಿಲ್ಲುತ್ತದೆ. ಆ 0.05ನ್ನೂ ಇಳಿಸಲು ಆಕ್ಚುಯೇಟರ್ ರಾಡಿನ ನಟ್ಟಿಗೆ ಕೈ ಹೋಗಿತ್ತು, ಹಾಗೇ ಬಿಟ್ಟೆ.